ಆಟಕ್ಕುಂಟು, ಲೆಕ್ಕಕ್ಕಿಲ್ಲ

ಒಬ್ಬರನ್ನು ಒಂದೇ ಮಾತಿನಲ್ಲಿ ಚಿಕ್ಕವರನ್ನಾಗಿಸಬೇಕು ಎಂದರೆ ನಮ್ಮಲ್ಲಿ ‘ಅವನು ಬಿಡಿ, ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎನ್ನುತ್ತಾರೆ. ಗಂಡ ಹೇಳಿದ ಕಡೆ ಸಹಿ ಹಾಕಲು ಮಾತ್ರ ಪಂಚಾಯಿತಿಗೆ ಬರುವ ಸದಸ್ಯೆ, ಪಾಲುಪಟ್ಟಿಯ ಮಾತುಕತೆಯಲ್ಲಿ ಗೋಡೆಗೆ ಒರಗಿ ಕೂತ ಮನೆಯಳಿಯ, ವಿಭಾಗದ ಸಭೆಯಲ್ಲಿ ಕೊನೆಯ ಸಾಲಿನ ಸಂಶೋಧನಾ ವಿದ್ಯಾರ್ಥಿ, ಎಲ್ಲರಿಗೂ ಈ ಮಾತು ಸಲೀಸಾಗಿ ಒಪ್ಪುತ್ತದೆ. ಕೇಳಿದವರು ನಗುತ್ತಾರೆ, ಹೇಳಿಸಿಕೊಂಡವರೂ ಅರ್ಧ ನಗುತ್ತಾರೆ. ಆದರೆ ಈ ಮಾತು ಬಂದಿರುವುದು ಮಕ್ಕಳ ಆಟದಿಂದ. ಅಲ್ಲಿ ಅದು ಬೈಗುಳವಲ್ಲ. ತೀರ ಚಿಕ್ಕ ಮಗುವನ್ನು ಆಟಕ್ಕೆ ಸೇರಿಸಿಕೊಳ್ಳುವುದಕ್ಕೆ ಮಕ್ಕಳೇ ಮಾಡಿಕೊಂಡ ಏರ್ಪಾಡು ಅದು. ಮಕ್ಕಳ ಬಾಯಲ್ಲಿ ಬಾಗಿಲಾಗಿದ್ದ ಮಾತು ದೊಡ್ಡವರ ಬಾಯಿಗೆ ಬರುವಷ್ಟರಲ್ಲಿ ಬೀಗವಾದದ್ದು ಹೇಗೆ ಎನ್ನುವುದು ನನ್ನನ್ನು ಬಹಳ ದಿನಗಳಿಂದ ಕಾಡುತ್ತಿದೆ.

ನನ್ನ ಸಂಶೋಧನೆ ಮಕ್ಕಳು ಆಟದಲ್ಲಿ ಬಳಸುವ ಮಾತುಗಳ ಮೇಲೆ. ಅದಕ್ಕಾಗಿ ಶಿಕಾರಿಪುರ ಸೀಮೆಯ ಅಂಬ್ಲಿಗೊಳದ ಆಸುಪಾಸಿನಲ್ಲಿ ಓಡಾಡುವಾಗ ಈ ಏರ್ಪಾಡಿನ ನಿಯಮಗಳು ನನಗೆ ಒಂದೊಂದಾಗಿ ಕಂಡವು. ಸಂಜೆ ಲಗೋರಿ ನಡೆಯುತ್ತಿರುತ್ತದೆ. ಏಳರಿಂದ ಹನ್ನೆರಡು ವರ್ಷದ ಮಕ್ಕಳು ಎರಡು ಪಾರ್ಟಿಯಾಗಿರುತ್ತಾರೆ. ಅವರಲ್ಲಿ ಒಬ್ಬಳ ಕೈ ಹಿಡಿದುಕೊಂಡು ಮೂರೋ ನಾಲ್ಕೋ ವರ್ಷದ ತಮ್ಮ ಬಂದಿರುತ್ತಾನೆ. ಅವನನ್ನು ಬಿಟ್ಟು ಬಂದರೆ ಮನೆಯಲ್ಲಿ ಬೈಗುಳ, ಸೇರಿಸಿಕೊಂಡರೆ ಆಟ ಕೆಡುತ್ತದೆ. ಆಗ ಯಾರೋ ಒಬ್ಬರು ಎಲ್ಲರಿಗೂ ಕೇಳುವ ಹಾಗೆ ಕೂಗುತ್ತಾರೆ: ‘ಇವ್ನು ಆಟಕ್ಕುಂಟು ಲೆಕ್ಕಕ್ಕಿಲ್ಲ!’ ಅಲ್ಲಿಗೆ ತೀರ್ಮಾನವಾಯಿತು. ಅವನು ಓಡಬಹುದು, ಕಿರುಚಬಹುದು, ಕಲ್ಲು ಮುಟ್ಟಬಹುದು. ಚೆಂಡು ತಾಗಿದರೆ ಅವನು ಔಟಲ್ಲ. ಅವನು ಇಟ್ಟ ಕಲ್ಲಿಗೆ ಬೆಲೆಯಿಲ್ಲ. ಅವನು ಕೆಡವಿದರೆ ಮತ್ತೆ ಜೋಡಿಸಿ ಆಟ ಮುಂದುವರಿಸಬೇಕು. ಅವನ ಕಡೆಗೆ ಚೆಂಡನ್ನು ಜೋರಾಗಿ ಬೀಸುವಂತಿಲ್ಲ. ಈ ಕೊನೆಯ ನಿಯಮವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಮುರಿದವನನ್ನು ಎರಡೂ ಪಾರ್ಟಿಯವರು ಸೇರಿ ಬೈಯುತ್ತಾರೆ.

ಚಿಕ್ಕ ಮಕ್ಕಳು ನಾಲ್ಕು ಜನರೊಡನೆ ಬೆರೆಯುವುದನ್ನು ಹೇಗೆ ಕಲಿಯುತ್ತಾರೆ ಎಂಬ ಪ್ರಶ್ನೆಗೆ ಈ ಮೈದಾನದಲ್ಲಿ ಒಂದು ಉತ್ತರವಿದೆ. ಆದರೆ ಈ ಪ್ರಶ್ನೆಯನ್ನು ಇವತ್ತು ನಾವು ಬೇರೆ ಥರ ಕೇಳುತ್ತಿದ್ದೇವೆ. ಸೋಷಿಯಲ್ ಸ್ಕಿಲ್ಸ್ ಎನ್ನುವ ಮಾತು ಶಿಕಾರಿಪುರ, ಸೊರಬದಂಥ ಪೇಟೆಗಳ ಪ್ಲೇಸ್ಕೂಲುಗಳವರೆಗೂ ಬಂದಿದೆ. ಅದು ಬರುವಾಗ ಒಂದು ಪಟ್ಟಿಯನ್ನೂ ಹಿಡಿದು ತಂದಿದೆ: ಸಾರಿ ಹೇಳಬೇಕು, ಥ್ಯಾಂಕ್ಯೂ ಹೇಳಬೇಕು, ಆಟಿಕೆ ಹಂಚಿಕೊಳ್ಳಬೇಕು, ಸರದಿ ಕಾಯಬೇಕು, ಬಂದವರಿಗೆ ನಮಸ್ತೆ ಮಾಡಬೇಕು. ಪಟ್ಟಿಯಲ್ಲಿರುವ ಯಾವುದನ್ನೂ ನಾನು ತೆಗೆದುಹಾಕುವುದಿಲ್ಲ. ನನ್ನ ತಕರಾರು ಪಟ್ಟಿಯ ಹಿಂದಿರುವ ನಂಬಿಕೆಯ ಬಗ್ಗೆ. ಬೆರೆಯುವ ಶಕ್ತಿ ಮಗುವಿನೊಳಗೆ ಇರಬೇಕಾದ ಸಾಮಾನು, ಕೆಲವು ಮಕ್ಕಳಲ್ಲಿ ಅದು ಕಡಿಮೆ, ಕಡಿಮೆ ಇದ್ದವರಿಗೆ ತುಂಬಿಸಬೇಕು ಎಂದು ಆ ಪಟ್ಟಿ ನಂಬುತ್ತದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ನಮ್ಮ ಹಳೆಯ ಗಾದೆಯೂ ಮಗುವನ್ನು ಬಗ್ಗಿಸಬೇಕಾದ ವಸ್ತುವಾಗಿಯೇ ನೋಡುತ್ತದೆ. ಲಗೋರಿಯ ಬಯಲಿನಲ್ಲಿ ಬಗ್ಗಿದವನು ಚಿಕ್ಕವನಲ್ಲ. ಹನ್ನೊಂದು ವರ್ಷದವನು ತನ್ನ ತೋಳಿನ ಬಲವನ್ನು ಬಗ್ಗಿಸಿದ.

‘ಸಾರಿ ಹೇಳು’ ಎನ್ನುವುದನ್ನೇ ತೆಗೆದುಕೊಳ್ಳಿ. ಒಂದು ಅಂಗನವಾಡಿಯ ಚಾಪೆಯ ಮೇಲೆ ಇಬ್ಬರು ಮಕ್ಕಳು ಒಂದು ಪ್ಲಾಸ್ಟಿಕ್ ಲಾರಿಗಾಗಿ ಎಳೆದಾಡಿ, ಒಬ್ಬ ಇನ್ನೊಬ್ಬಳ ಕೈ ಕಚ್ಚಿದ್ದನ್ನು ನೋಡಿದ್ದೇನೆ. ಮಗುವನ್ನು ಬಿಡಲು ಬಂದಿದ್ದ ತಾಯಿಯೊಬ್ಬರು ‘ಸಾರಿ ಹೇಳೋ, ಹೇಳು ಬೇಗ’ ಎಂದರು. ಅವನು ಹೇಳಿದ. ಹೇಳಿ, ಕಚ್ಚಿದ ಹುಡುಗಿಯನ್ನು ನೋಡದೆ, ಹೇಳಿಸಿದವರ ಮುಖ ನೋಡಿದ. ಸಾಲ ತೀರಿತೇ ಎಂದು ಕೇಳುವವನ ನೋಟ ಅದು. ಟೀಚರ್ ಏನೂ ಹೇಳಲಿಲ್ಲ. ಹುಡುಗಿಯ ಕೈಯನ್ನು ಅವನ ಮುಂದೆ ಹಿಡಿದು ‘ಇಲ್ಲಿ ನೋಡು, ಹಲ್ಲು ಮೂಡಿದೆ. ತಣ್ಣೀರು ಹಚ್ಚೋಣ, ಬಟ್ಟಲು ತಗಂಬಾ’ ಎಂದರು. ಅವನು ಬಟ್ಟಲು ತಂದ. ನೀರು ಹಚ್ಚುವಾಗ ಇಬ್ಬರೂ ಆ ಹಲ್ಲಿನ ಗುರುತನ್ನು ಒಂದೇ ಕುತೂಹಲದಿಂದ ನೋಡಿದರು. ಅವನಿಗೆ ಪಶ್ಚಾತ್ತಾಪವಾಯಿತೋ ಇಲ್ಲವೋ ಹೇಳಲಾರೆ. ಆದರೆ ತಾನು ಮಾಡಿದ್ದು ಇನ್ನೊಂದು ಮೈಯಲ್ಲಿ ಉಳಿಯುತ್ತದೆ ಎಂಬುದು ಅವನ ಕಣ್ಣಿಗೆ ಬಿತ್ತು.

ಅಭ್ಯಾಸದಿಂದಲೇ ಗುಣ ಬರುತ್ತದೆ ಎನ್ನುವವರಿದ್ದಾರೆ. ಆ ಮಾತಿಗೆ ತೂಕವಿದೆ. ಮನೆ ಕಟ್ಟುತ್ತ ಕಟ್ಟುತ್ತ ಮನುಷ್ಯ ಕಟ್ಟುವವನಾಗುವಂತೆ, ನ್ಯಾಯದ ಕೆಲಸ ಮಾಡುತ್ತ ಮಾಡುತ್ತ ನ್ಯಾಯವಂತನಾಗುತ್ತಾನೆ ಎಂದು ಅರಿಸ್ಟಾಟಲ್ ವಾದಿಸಿದ್ದ. ಮೊದಲು ಬಾಯಲ್ಲಿ ಸಾರಿ ಬರಲಿ, ಮನಸ್ಸು ನಿಧಾನಕ್ಕೆ ಹಿಂಬಾಲಿಸುತ್ತದೆ ಎನ್ನುವ ಪಾಲಕರು ಗೊತ್ತಿಲ್ಲದೆ ಅವನ ಕಡೆಯವರು. ಆದರೆ ಮನೆ ಕಟ್ಟುವುದನ್ನು ಕಲಿಯಬೇಕಾದರೆ ನಿಜವಾದ ಕಲ್ಲು, ನಿಜವಾದ ಗೋಡೆ ಬೇಕು. ಕಟ್ಟುವವನಂತೆ ಕೈ ಆಡಿಸಿದರೆ ಸಾಲದು. ಬಾಯಿಪಾಠದ ಸಾರಿಯಲ್ಲಿ ಕಲ್ಲು ಇಲ್ಲ, ಕೈಯಾಡಿಸುವುದು ಮಾತ್ರ ಇದೆ. ತಣ್ಣೀರಿನ ಬಟ್ಟಲಿನಲ್ಲಿ ಕಲ್ಲು ಇತ್ತು.

ಇನ್ನೊಂದು ಸಂಗತಿಯೂ ಇದೆ. ತೀರ ಚಿಕ್ಕ ಮಕ್ಕಳು ನೆರವಾಗುವುದನ್ನು ನಾವು ಕಲಿಸುವ ಮೊದಲೇ ಬಲ್ಲರು. ಜರ್ಮನಿಯ ಲೈಪ್ಜಿಗ್‌ನಲ್ಲಿ ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ತೊಮಾಸೆಲ್ಲೊ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೂವರೆ ವರ್ಷದ ಮಕ್ಕಳು ಅಪರಿಚಿತ ದೊಡ್ಡವರ ಕೈಯಿಂದ ಜಾರಿಬಿದ್ದು ಅವರಿಗೆ ಎಟುಕದ ವಸ್ತುವನ್ನು ತಾವಾಗಿಯೇ ಎತ್ತಿಕೊಟ್ಟರು. ಎರಡು ವರ್ಷದ ನಂತರ ಅವರೇ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಹಾಗೆ ಎತ್ತಿಕೊಟ್ಟಾಗಲೆಲ್ಲ ಬಹುಮಾನ ಪಡೆದ ಮಕ್ಕಳು ಆಮೇಲೆ ನೆರವಾಗುವುದನ್ನು ಕಡಿಮೆ ಮಾಡಿದರು. ಬಹುಮಾನ ಸಿಗದವರು ಮೊದಲಿನಂತೆಯೇ ಇದ್ದರು. ಅಂದರೆ ಮಗು ಖಾಲಿ ಕೊಡವಾಗಿ ನಮ್ಮ ಮುಂದೆ ನಿಂತಿರುವುದಿಲ್ಲ. ಅದಕ್ಕೆ ಬೇಕಾದದ್ದು ತನ್ನಲ್ಲಿರುವುದನ್ನು ಬಳಸುವುದಕ್ಕೆ ಒಂದು ಜಾಗ, ಬಳಸಿದಾಗ ಅದು ನಿಜವಾಗಿ ಉಪಯೋಗಕ್ಕೆ ಬರುವಂಥ ನಾಲ್ಕು ಜನ.

ಹೀಗೆ ಜಾಗ ಕೊಡುವ ಕಲೆಯಲ್ಲಿ ಮಕ್ಕಳು ನಮಗಿಂತ ಮುಂದಿದ್ದಾರೆ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಝಾನ್ ಪಿಯಾಜೆ ಜಿನೀವಾ ಮತ್ತು ನ್ಯೂಶಾಟೆಲ್‌ನ ಮಕ್ಕಳು ಗೋಲಿಯಾಡುವುದನ್ನು ನೋಡಿ, ಅವರೊಡನೆ ತಾನೂ ಆಡಿ, ಮಕ್ಕಳ ನೈತಿಕ ತೀರ್ಮಾನದ ಬಗ್ಗೆ 1932ರಲ್ಲಿ ಪುಸ್ತಕ ಬರೆದ. ಚಿಕ್ಕ ಮಕ್ಕಳು ಜೊತೆಯಲ್ಲಿ ಆಡುತ್ತಿದ್ದೇವೆ ಎಂದುಕೊಂಡು ತಮ್ಮ ತಮ್ಮ ಪಾಡಿಗೆ ಆಡುತ್ತಾರೆ, ಅವರ ಪ್ರಕಾರ ಎಲ್ಲರೂ ಒಟ್ಟಿಗೇ ಗೆಲ್ಲಬಹುದು ಎಂದು ಅವನಿಗೆ ಕಂಡಿತು. ಸ್ವಲ್ಪ ದೊಡ್ಡವರಾದಾಗ ನಿಯಮವೆಂದರೆ ಹಿರಿಯರಿಂದ ಬಂದದ್ದು, ಮುಟ್ಟಬಾರದ್ದು. ಹತ್ತು ಹನ್ನೊಂದರ ಹೊತ್ತಿಗೆ ನಿಯಮವನ್ನು ನಾವೇ ಮಾಡಿಕೊಂಡಿದ್ದೇವೆ, ಎಲ್ಲರೂ ಒಪ್ಪಿದರೆ ಬದಲಿಸಬಹುದು ಎಂಬ ಅರಿವು ಮೂಡುತ್ತದೆ. ಪಿಯಾಜೆ ವಯಸ್ಸುಗಳನ್ನು ಒಂದರ ಮೇಲೊಂದು ಮೆಟ್ಟಿಲಾಗಿ ಜೋಡಿಸಿದ. ಅಂಬ್ಲಿಗೊಳದ ಕಡೆಯ ಬಯಲಿನಲ್ಲಿ ನಾನು ನೋಡಿದ್ದು ಆ ಮೂರೂ ಮೆಟ್ಟಿಲಿನವರು ಒಂದೇ ಆಟದಲ್ಲಿರುವುದನ್ನು. ಎಲ್ಲರೂ ಗೆಲ್ಲಬಹುದು ಎಂದುಕೊಂಡಿರುವವನಿಗೂ ನಿಯಮ ಬದಲಿಸಬಹುದು ಎಂದು ತಿಳಿದಿರುವವಳಿಗೂ ನಡುವೆ ಸೇತುವೆಯಾಗಿರುವುದು ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂಬ ಒಂದು ಮಾತು.

ಇಲ್ಲಿ ಯಾರಾದರೂ ಕೇಳಬಹುದು: ಇದು ಆ ಮಗುವಿಗೆ ಮಾಡುವ ಮೋಸವಲ್ಲವೇ? ಅದು ತಾನು ಆಡುತ್ತಿದ್ದೇನೆ ಎಂದುಕೊಂಡಿದೆ, ಉಳಿದವರಿಗೆ ಅದು ಆಡುತ್ತಿಲ್ಲ ಎಂದು ಗೊತ್ತಿದೆ. ನನಗೂ ಹಾಗೆ ಅನ್ನಿಸಿದ್ದುಂಟು. ಆದರೆ ಗಮನಿಸಬೇಕಾದ ಸಂಗತಿಯೊಂದಿದೆ. ಆ ಮಾತನ್ನು ಮಕ್ಕಳು ಗುಟ್ಟಾಗಿ ಹೇಳುವುದಿಲ್ಲ. ಆ ಮಗುವಿನ ಎದುರಿಗೇ, ಎಲ್ಲರಿಗೂ ಕೇಳುವಂತೆ ಕೂಗುತ್ತಾರೆ. ಅದಕ್ಕೆ ಅರ್ಥವಾಗುವುದಿಲ್ಲ ಅಷ್ಟೆ, ಅರ್ಥವಾಗುವ ದಿನ ಅದಕ್ಕೂ ತಿಳಿಯುತ್ತದೆ. ದೊಡ್ಡವರಾದ ನಾವು ಇದನ್ನೇ ತಿರುಗಿಸಿ ಮಾಡುತ್ತೇವೆ. ನಿಮ್ಮ ಅಭಿಪ್ರಾಯ ನಮಗೆ ಬಹಳ ಮುಖ್ಯ ಎಂದು ಎದುರಿಗೆ ಹೇಳಿ, ಒಳಗೆ ಲೆಕ್ಕದಿಂದ ಬಿಟ್ಟಿರುತ್ತೇವೆ. ಮಕ್ಕಳು ಲೆಕ್ಕಕ್ಕಿಲ್ಲ ಎಂದು ಬಾಯಲ್ಲಿ ಹೇಳಿ, ಮೈಯಲ್ಲಿ ಪೂರ್ತಿ ಲೆಕ್ಕಕ್ಕಿಡುತ್ತಾರೆ: ಚೆಂಡಿನ ವೇಗ ಇಳಿಯುತ್ತದೆ, ಓಟದ ದಾರಿ ಬದಲಾಗುತ್ತದೆ, ಬಿದ್ದರೆ ಆಟವೇ ನಿಲ್ಲುತ್ತದೆ. ಬಾಗಿಲು ಬೀಗವಾಗುವುದು ಬಹುಶಃ ಈ ತಿರುವಿನಲ್ಲಿ.

ಹಾಗಿದ್ದರೆ ಲೆಕ್ಕಕ್ಕೆ ಬರುವುದು ಯಾವಾಗ? ಇದನ್ನು ನಾನು ಆಟದ ನಡುವೆ ಕುಡಿಯಲು ನೀರಿಗೆ ಬಂದ ಒಂಬತ್ತು ವರ್ಷದ ಹುಡುಗಿಯೊಬ್ಬಳನ್ನು ಕೇಳಿದೆ. ಇಷ್ಟು ವರ್ಷ ಆದ ಮೇಲೆ ಎಂದೋ, ಒಂದನೇ ಕ್ಲಾಸಿಗೆ ಸೇರಿದ ಮೇಲೆ ಎಂದೋ ಹೇಳುತ್ತಾಳೆ ಎಂದುಕೊಂಡಿದ್ದೆ. ಅವಳು ‘ಅವ್ನೇ ಕೇಳ್ತಾನಕ್ಕಾ’ ಎಂದಳು. ‘ಏನಂತ?’ ಎಂದೆ. ‘ನಾನ್ಯಾಕೆ ಔಟ್ ಆಗಲ್ಲ ಅಂತ. ಅವತ್ತಿಂದ ಲೆಕ್ಕ.’ ಹೇಳಿ, ಬಾಯಿ ಒರೆಸಿಕೊಂಡು ಓಡಿದಳು.

ನಾನು ಓದಿದ ನೀತಿಶಾಸ್ತ್ರದಲ್ಲಿ ಗೌರವದ ಬಗ್ಗೆ ಇದಕ್ಕಿಂತ ಚೆನ್ನಾದ ವಿವರಣೆಯನ್ನು ಸುಲಭಕ್ಕೆ ನೆನಪಿಸಿಕೊಳ್ಳಲಾರೆ. ಔಟಾಗುವ ಹಕ್ಕು ಸಿಕ್ಕಾಗ ಮಗು ಪೂರ್ತಿ ಸದಸ್ಯನಾಗುತ್ತದೆ. ಕರುಣೆ ಮಗುವನ್ನು ಆಟದೊಳಗೆ ತರುತ್ತದೆ, ಸೋಲುವ ಅವಕಾಶ ಅದನ್ನು ಸಮಾನವಾಗಿಸುತ್ತದೆ. ಮೊದಲ ಸಲ ಔಟಾದ ಮಗು ಅಳುವುದನ್ನು ನೋಡಿದ್ದೇನೆ. ಅತ್ತುಕೊಂಡೇ ಮನೆಗೆ ಓಡಿ ‘ಅಮ್ಮಾ, ನಾನು ಔಟಾದೆ’ ಎಂದು ಹೇಳುವಾಗ ದನಿಯಲ್ಲಿ ಸಣ್ಣ ಹೆಮ್ಮೆಯೂ ಇರುತ್ತದೆ. ಮಕ್ಕಳನ್ನು ಸೋಲಿನಿಂದ ಕಾಪಾಡುವುದೇ ಪ್ರೀತಿ ಎಂದುಕೊಂಡ ಮನೆಗಳಲ್ಲಿ, ಅಪ್ಪ ಬೇಕೆಂದೇ ಚೌಕಾಬಾರದಲ್ಲಿ ಸೋಲುವ ಮನೆಗಳಲ್ಲಿ, ಮಗು ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂಬ ಸ್ಥಿತಿಯಲ್ಲೇ ಎಂಟು ಹತ್ತು ವರ್ಷ ಕಳೆಯಬಹುದು. ಶಾಲೆಯಲ್ಲಿ ಅಂಥ ಮಗು ಸೋತಾಗ ಆಟವನ್ನೇ ಕೆಡಿಸಿದರೆ, ಅದಕ್ಕೆ ಸೋಷಿಯಲ್ ಸ್ಕಿಲ್ಸ್ ಇಲ್ಲ ಎಂದು ಬರೆದು ಕಳಿಸುತ್ತಾರೆ.

ಎಲ್ಲ ಮಕ್ಕಳೂ ‘ನಾನ್ಯಾಕೆ ಔಟ್ ಆಗಲ್ಲ’ ಎಂದು ಕೇಳಲಾರರು. ಅದೇ ಬಯಲಿಗೆ ಮಾತು ಸರಿಯಾಗಿ ಬಾರದ, ಒಂದು ಕಾಲು ಎಳೆದು ನಡೆಯುವ ಹುಡುಗನೊಬ್ಬ ಬರುತ್ತಿದ್ದ. ವಯಸ್ಸು ಉಳಿದವರಷ್ಟೇ. ಅವನಿಗೆ ಕಲ್ಲು ಕಾಯುವ ಕೆಲಸ ಕೊಟ್ಟಿದ್ದರು. ಅದು ಪ್ರೀತಿಯ ಕೆಲಸವೇ ಆಗಿದ್ದರೂ ಅದಕ್ಕೆ ಕೊನೆಯ ದಿನ ಇರಲಿಲ್ಲ. ಚಿಕ್ಕವರು ಬಂದು, ಬೆಳೆದು, ಲೆಕ್ಕಕ್ಕೆ ಸೇರಿ ಹೋಗುತ್ತಿದ್ದರು. ಅವನು ಕಲ್ಲಿನ ಪಕ್ಕದಲ್ಲೇ ಇದ್ದ. ಒಂದು ದಿನ ಯಾರ ತಲೆಯಲ್ಲಿ ಹೊಳೆಯಿತೋ, ಅವನಿಗೆ ಬೇರೆ ನಿಯಮ ಬಂತು: ಅವನಿಗೆ ಚೆಂಡನ್ನು ಎಸೆಯುವಂತಿಲ್ಲ, ನೆಲದ ಮೇಲೆ ಉರುಳಿಸಬೇಕು, ಕಾಲಿಗೆ ತಾಗಿದರೆ ಅವನೂ ಔಟು. ಮೊದಲ ಆಟದಲ್ಲೇ ಅವನು ಔಟಾದ. ಎರಡನೆಯದರಲ್ಲಿ ಉರುಳಿ ಬಂದ ಚೆಂಡನ್ನು ದಾಟಿದ. ಆವತ್ತು ಆ ಹುಡುಗನಲ್ಲಿ ಯಾವ ಕೌಶಲವೂ ಹೊಸದಾಗಿ ಹುಟ್ಟಲಿಲ್ಲ. ಹೊಸದಾಗಿ ಹುಟ್ಟಿದ್ದು ಒಂದು ನಿಯಮ, ಅದೂ ಉಳಿದವರ ತಲೆಯಲ್ಲಿ. ಬೆರೆಯುವ ಶಕ್ತಿ ಮಗುವಿನೊಳಗಿನ ಸಾಮಾನು ಎಂಬ ನಂಬಿಕೆ ತಪ್ಪು ಎಂದು ನಾನು ಹೇಳುವುದು ಇದಕ್ಕೇ. ಅದು ಮಗುವಿಗೂ ಅದರ ಸುತ್ತಲಿನವರಿಗೂ ನಡುವೆ ಇರುವಂಥದ್ದು. ಸುತ್ತಲಿನವರು ನಿಯಮ ಬದಲಿಸದಿದ್ದರೆ ಮಗು ಎಷ್ಟು ಕಲಿತರೂ ಕಲ್ಲು ಕಾಯುತ್ತಲೇ ಇರಬೇಕು.

ಅಮೆರಿಕದ ಶಿಕಾಗೋದಲ್ಲಿ ವಿವಿಯನ್ ಪೇಲಿ ಎಂಬ ಶಿಶುವಿಹಾರದ ಶಿಕ್ಷಕಿ ಇದೇ ಪ್ರಶ್ನೆಯನ್ನು ಎದುರಿಸಿದ್ದರು. ಕೆಲವು ಮಕ್ಕಳನ್ನು ಉಳಿದವರು ದಿನವೂ ಆಟದಿಂದ ಹೊರಗಿಡುವುದನ್ನು ನೋಡಿ, ‘ನೀನು ಆಟಕ್ಕೆ ಬರಬೇಡ’ ಎಂದು ಯಾರೂ ಯಾರಿಗೂ ಹೇಳುವಂತಿಲ್ಲ ಎಂಬ ನಿಯಮವನ್ನು ತರಗತಿಯಲ್ಲಿ ಮಾಡಿದರು. ಮಾಡುವ ಮುಂಚೆ ಮೇಲಿನ ತರಗತಿಗಳಿಗೆ ಹೋಗಿ ದೊಡ್ಡ ಮಕ್ಕಳ ಅಭಿಪ್ರಾಯ ಕೇಳಿದರು. ಇದು ನ್ಯಾಯವಾದದ್ದೇ, ಆದರೆ ನಡೆಯುವುದು ಕಷ್ಟ ಎಂದು ಅವರಲ್ಲಿ ಅನೇಕರಿಗೆ ಅನ್ನಿಸಿತು. ಪೇಲಿ ಆದರೂ ಜಾರಿಗೆ ತಂದರು, 1992ರಲ್ಲಿ ಅದರ ಬಗ್ಗೆ ಪುಸ್ತಕ ಬರೆದರು. ಹೊರಗುಳಿದ ಮಗುವಿಗೆ ಗೆಳೆತನ ಗಳಿಸುವ ತರಬೇತಿ ಕೊಡುವ ಬದಲು ಒಳಗಿರುವವರ ಅಧಿಕಾರಕ್ಕೆ ಮಿತಿ ಹಾಕಿದ್ದು ಅವರ ಹೆಚ್ಚುಗಾರಿಕೆ. ಹೊರಗಿಡುವ ಅಧಿಕಾರವನ್ನು ಐದು ವರ್ಷದಲ್ಲೇ ರುಚಿ ನೋಡಿದವರು ಐವತ್ತರಲ್ಲಿ ಅದನ್ನು ತಾವಾಗಿ ಬಿಡುವುದು ಅಪರೂಪ.

ಈಗ ನಮ್ಮ ಅಂಗಳಕ್ಕೆ ಬರೋಣ. ಅಡಿಕೆ ಸುಲಿಯುವ ಕಾಲದಲ್ಲಿ ಈ ಕಡೆಯ ಅಂಗಳಗಳಲ್ಲಿ ಹೆಂಗಸರು ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತು ಸುಲಿಯುತ್ತಿದ್ದಾಗ, ಅವರ ಮಕ್ಕಳೆಲ್ಲ ಅಲ್ಲೇ ಸುತ್ತಮುತ್ತ ಆಡಿಕೊಂಡಿರುತ್ತಿದ್ದವು. ಕೂಸು, ಮೂರರದ್ದು, ಏಳರದ್ದು, ಹತ್ತರದ್ದು ಎಲ್ಲ ಒಂದೇ ಗುಂಪು. ಈಗ ಸುಲಿಯುವ ಯಂತ್ರ ಬಂದಿದೆ. ಬೆಳಿಗ್ಗೆ ಹಳದಿ ವ್ಯಾನು ಬಂದು ಮೂರೂವರೆ ವರ್ಷದ ಮಗುವನ್ನು ಪೇಟೆಯ ಎಲ್‌ಕೆಜಿಗೆ ಒಯ್ಯುತ್ತದೆ. ಅಲ್ಲಿ ಮಗುವಿನ ಸುತ್ತ ಇರುವ ಮೂವತ್ತು ಮಕ್ಕಳೂ ಮೂರೂವರೆ ವರ್ಷದವೇ. ರಿಯಾಯಿತಿ ಕೊಡುವಷ್ಟು ದೊಡ್ಡವರೂ ಇಲ್ಲ, ರಿಯಾಯಿತಿ ಬೇಡುವಷ್ಟು ಚಿಕ್ಕವರೂ ಇಲ್ಲ. ಇದರಿಂದ ಚಿಕ್ಕ ಮಗುವಿಗೆ ನಷ್ಟ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಹೆಚ್ಚಿನ ನಷ್ಟ ಕಾಣುವುದು ಹತ್ತು ವರ್ಷದವನಿಗೆ. ಚೆಂಡನ್ನು ಮೆಲ್ಲಗೆ ಎಸೆಯಬೇಕಾದ ಯಾರೂ ಅವನ ದಿನದಲ್ಲಿಲ್ಲ.

ಹಾಗೆಂದು ಹಳೆಯ ಅಂಗಳವನ್ನು ಹೊಗಳಿ ಕೂರಲು ಮನಸ್ಸು ಒಪ್ಪುವುದಿಲ್ಲ. ಆ ಅಂಗಳಕ್ಕೆ ಗೆರೆಯಿತ್ತು. ಯಾವ ಕೇರಿಯ ಮಕ್ಕಳು ಯಾರ ಅಂಗಳದವರೆಗೆ ಬರಬಹುದು, ಬಾಯಾರಿದರೆ ಯಾರಿಗೆ ಚೊಂಬು ಕೊಡುತ್ತಾರೆ, ಯಾರಿಗೆ ಬೊಗಸೆಗೆ ಎತ್ತಿ ಹುಯ್ಯುತ್ತಾರೆ ಎನ್ನುವುದನ್ನು ಮಕ್ಕಳು ಲಗೋರಿಯ ನಿಯಮಕ್ಕಿಂತ ಮೊದಲೇ ಕಲಿಯುತ್ತಿದ್ದರು. ಅದೂ ಬೆರೆಯುವುದರ ಪಾಠವೇ, ಯಾರೊಡನೆ ಬೆರೆಯಬಾರದು ಎಂಬ ಪಾಠ. ಕೆಲವು ಮಕ್ಕಳು ಲೆಕ್ಕಕ್ಕಿರಲಿ, ಆಟಕ್ಕೂ ಇರಲಿಲ್ಲ. ಆದ್ದರಿಂದಲೇ ಅಂಗಳದ ಹೆಸರನ್ನೇ ಹೊತ್ತ ಅಂಗನವಾಡಿ ನನಗೆ ದೊಡ್ಡ ಸಂಗತಿಯಾಗಿ ಕಾಣುತ್ತದೆ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಶುರುವಾದದ್ದು 1975ರ ಅಕ್ಟೋಬರ್ 2ರಂದು, ಕರ್ನಾಟಕದಲ್ಲಿ ಮೊದಲು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಅಂದಿನಿಂದ ಊರಿನ ಎಲ್ಲ ಕೇರಿಯ ಮಕ್ಕಳು ಒಂದೇ ಚಾಪೆಯ ಮೇಲೆ ಕೂತು ಒಂದೇ ಪಾತ್ರೆಯ ಅನ್ನ ಉಣ್ಣಬೇಕಾದ, ಸರ್ಕಾರವೇ ಹೊಣೆ ಹೊತ್ತ ಒಂದು ಅಂಗಳ ನಮ್ಮ ಹಳ್ಳಿಗಳಿಗೆ ಬಂತು. ಆ ಚಾಪೆಯಿಂದ ಮಗುವನ್ನು ಎಬ್ಬಿಸಿಕೊಂಡು ಹೋಗುವ ಪಾಲಕರು ಇವತ್ತಿಗೂ ಇದ್ದಾರೆ. ಅಂಥವರ ಮನೆಯಲ್ಲೂ ಗೋಡೆಯ ಮೇಲೆ ‘ಹಂಚಿಕೊಂಡು ಬಾಳು’ ಎಂಬ ಚಾರ್ಟು ತೂಗುತ್ತಿರಬಹುದು.

ಆದರೆ ಈ ಅಂಗಳವನ್ನು ನಮ್ಮ ಕಾನೂನು ಎಲ್ಲಿಟ್ಟಿದೆ? ಸಂವಿಧಾನದ ಮೂಲ 45ನೇ ವಿಧಿ ಹದಿನಾಲ್ಕು ವರ್ಷ ತುಂಬುವ ತನಕ ಎಲ್ಲ ಮಕ್ಕಳಿಗೂ ಉಚಿತ ಶಿಕ್ಷಣದ ಮಾತಾಡಿತ್ತು, ಕೆಳಗಿನ ವಯಸ್ಸನ್ನು ಹೇಳಿರಲಿಲ್ಲ. 2002ರ 86ನೇ ತಿದ್ದುಪಡಿ 21ಎ ವಿಧಿಯನ್ನು ತಂದು ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿತು. ಆದರೆ ಆರರಿಂದ ಹದಿನಾಲ್ಕು ವರ್ಷದವರಿಗೆ ಮಾತ್ರ. ಆರಕ್ಕಿಂತ ಚಿಕ್ಕವರು 45ನೇ ವಿಧಿಯಲ್ಲೇ ಉಳಿದರು, ಅವರಿಗಾಗಿ ರಾಜ್ಯ ಪ್ರಯತ್ನಿಸಬೇಕು ಎಂಬ ನಿರ್ದೇಶಕ ತತ್ತ್ವವಾಗಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 11ನೇ ಕಲಮು ಕೂಡ ಮೂರರಿಂದ ಆರರ ಮಕ್ಕಳಿಗೆ ಸರ್ಕಾರ ವ್ಯವಸ್ಥೆ ಮಾಡಬಹುದು ಎನ್ನುತ್ತದೆ, ಮಾಡಲೇಬೇಕು ಎನ್ನುವುದಿಲ್ಲ. ಊಟದ ವಿಷಯದಲ್ಲಿ 2013ರ ಆಹಾರ ಭದ್ರತಾ ಕಾಯ್ದೆ ಆ ಮಕ್ಕಳನ್ನು ಹಕ್ಕುದಾರರನ್ನಾಗಿ ಮಾಡಿತು. ಅವರ ತೂಕ, ಎತ್ತರ ಈಗ ಪೋಷಣ್ ಟ್ರ್ಯಾಕರಿನಲ್ಲಿ ದಾಖಲಾಗುತ್ತವೆ. ಹೊಟ್ಟೆ ಲೆಕ್ಕಕ್ಕಿದೆ, ಆಟ ಮತ್ತು ಕಲಿಕೆ ಇನ್ನೂ ಪೂರ್ತಿ ಲೆಕ್ಕಕ್ಕೆ ಬಂದಿಲ್ಲ.

ಆ ಚಾಪೆ ಹಾಸುವವರ ಕತೆಯೂ ಹೀಗೆಯೇ. ಅಂಗನವಾಡಿ ಟೀಚರಿಗೆ ಸಿಗುವುದಕ್ಕೆ ಸಂಬಳ ಎಂಬ ಹೆಸರಿಲ್ಲ, ಅದು ಗೌರವಧನ. ಕರ್ನಾಟಕ ಸರ್ಕಾರ ಕಕ್ಷಿಯಾಗಿದ್ದ ಪ್ರಕರಣದಲ್ಲಿ 2006ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಅವರದು ಸರ್ಕಾರಿ ಹುದ್ದೆಯಲ್ಲ ಎಂದು ತೀರ್ಪು ಕೊಟ್ಟಿತು. ಗರ್ಭಿಣಿಯರ ಪಟ್ಟಿ, ಲಸಿಕೆ, ಸಮೀಕ್ಷೆ, ಚುನಾವಣೆ ಕೆಲಸ ಎಲ್ಲಕ್ಕೂ ಅವರು ಬೇಕು, ನೌಕರರ ಲೆಕ್ಕಕ್ಕೆ ಬೇಡ. ಗುಜರಾತಿನ ಕಾರ್ಯಕರ್ತೆಯರು ಗ್ರಾಚ್ಯುಟಿ ಕೇಳಿ ಹೋದ ಪ್ರಕರಣದಲ್ಲಿ 2022ರ ಏಪ್ರಿಲ್‌ನಲ್ಲಿ ಅದೇ ನ್ಯಾಯಾಲಯ, 1972ರ ಗ್ರಾಚ್ಯುಟಿ ಕಾಯ್ದೆ ಅವರಿಗೂ ಅವರ ಸಹಾಯಕಿಯರಿಗೂ ಅನ್ವಯಿಸುತ್ತದೆ ಎಂದಿತು. ಗ್ರಾಚ್ಯುಟಿ ಕೆಲಸ ಬಿಟ್ಟು ಹೋಗುವಾಗ ಸಿಗುವ ಹಣ. ಔಟಾಗುವಾಗ ಲೆಕ್ಕಕ್ಕೆ ಬಂದವರು ಅವರು. ಆ ತೀರ್ಪನ್ನು ಓದುವಾಗ ನನಗೆ ನೀರು ಕುಡಿಯಲು ಬಂದಿದ್ದ ಹುಡುಗಿಯ ಮಾತು ನೆನಪಾಯಿತು. ಅವರೂ ಕೇಳಿದ್ದರಿಂದ ಲೆಕ್ಕ ಶುರುವಾಯಿತು.

ಲೆಕ್ಕಕ್ಕಿಲ್ಲದವರನ್ನು ಲೆಕ್ಕಕ್ಕೆ ಬರೆದುಕೊಳ್ಳುವುದು ಈ ಸೀಮೆಗೆ ಹೊಸದೇನಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನವೊಂದಿದೆ. ವೇದ, ವ್ಯಾಕರಣ, ದರ್ಶನ, ಪುರಾಣ, ನಾಟಕ ಇವುಗಳ ಪಾಠ ಅಲ್ಲಿ ನಡೆಯುತ್ತದೆ ಎಂದು ಅದು ಹೇಳುತ್ತದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಅದು ಇನ್ನೊಂದು ವಿದ್ಯಾಕೇಂದ್ರದ ಹೊಗಳಿಕೆಯಾಗುತ್ತಿತ್ತು. ಆದರೆ ಅದು ಅದೇ ಉಸಿರಿನಲ್ಲಿ ಅಲ್ಲಿ ಯಾರಿಗೆಲ್ಲ ಅನ್ನವಿದೆ ಎಂದೂ ಎಣಿಸುತ್ತದೆ: ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಕತೆ ಹೇಳುವವರು, ಹಾಡುವವರು, ಬಾರಿಸುವವರು, ಬೇರೆ ಬೇರೆ ಪಂಥದ ಸನ್ಯಾಸಿಗಳು. ಶಾಸನಗಳು ಹೊಗಳಲೆಂದೇ ಬರೆದವು, ಅದರಲ್ಲಿ ಹೇಳಿದ್ದೆಲ್ಲ ಹಾಗೆಯೇ ನಡೆಯಿತೆಂದು ನಂಬಬೇಕಾಗಿಲ್ಲ. ಆದರೂ ಹೆಮ್ಮೆಪಡುವುದಕ್ಕೆ ಅವರು ಆರಿಸಿಕೊಂಡದ್ದು ಏನನ್ನು ಎಂಬುದು ಗಮನಿಸಬೇಕಾದ್ದು. ಪಾಠ ಹೇಳುವ ಜಾಗದ ಹೆಗ್ಗಳಿಕೆಯನ್ನು ಅಲ್ಲಿಗೆ ಬಂದವರ ಪಟ್ಟಿಯಿಂದ ಅಳೆಯಬಹುದು ಎಂದು ಎಂಟೂವರೆ ಶತಮಾನಕ್ಕೂ ಹಿಂದೆ ಈ ನೆಲದಲ್ಲಿ ಯಾರಿಗೋ ಅನ್ನಿಸಿತ್ತು.

ನಮ್ಮ ಅಳತೆ ಈಗ ಬೇರೆ. ಮಗು ಬೆರೆಯುತ್ತದೆಯೇ, ಹಂಚಿಕೊಳ್ಳುತ್ತದೆಯೇ, ಥ್ಯಾಂಕ್ಯೂ ಹೇಳುತ್ತದೆಯೇ ಎಂದು ಮಗುವನ್ನೇ ಅಳೆಯುತ್ತೇವೆ. ಅದರ ಜೊತೆಗೆ ಇನ್ನೂ ಕೆಲವು ಪ್ರಶ್ನೆ ಕೇಳಿಕೊಂಡರೆ ಒಳ್ಳೆಯದು. ಈ ಮಗುವಿಗಾಗಿ ಇವತ್ತು ಯಾರು ತಮ್ಮ ಚೆಂಡಿನ ವೇಗ ಇಳಿಸಿದರು? ಈ ಮಗು ಇವತ್ತು ಯಾರಿಗಾಗಿ ಇಳಿಸಿತು? ಅದಕ್ಕೆ ಔಟಾಗುವ ದಿನ ಬಂತೇ, ಬರದಿದ್ದರೆ ನಾವು ಯಾವ ನಿಯಮ ಬದಲಿಸಬೇಕು? ಇವಕ್ಕೆ ಉತ್ತರ ಮಗುವಿನ ಪ್ರೋಗ್ರೆಸ್ ಕಾರ್ಡಿನಲ್ಲಿ ಸಿಗುವುದಿಲ್ಲ. ವ್ಯಾನು ಇಳಿದ ಮೇಲೆ ಅದನ್ನು ಯಾವ ಅಂಗಳಕ್ಕೆ ಬಿಡುತ್ತೇವೆ, ಆ ಅಂಗಳಕ್ಕೆ ಇನ್ನು ಯಾರ ಮಕ್ಕಳು ಬರುತ್ತಾರೆ ಎಂಬುದರಲ್ಲಿ ಸಿಗುತ್ತದೆ.